ಹನ್ನೆರಡು ಹಾಡುಗಾರರು ಬೇಕು ಎಂದ ಸೆಬಾಸ್ಟಿಯನ್ ವೆಸ್ಲಿ

ಇಂಗ್ಲೆಂಡಿನ ಪಶ್ಚಿಮಕ್ಕೆ, ವೇಲ್ಸ್ ಗಡಿಯ ಹತ್ತಿರ, ಹೆರಿಫರ್ಡ್ ಅಂತ ಒಂದು ಊರಿದೆ. 1830ರ ದಶಕದ ಒಂದು ಈಸ್ಟರ್ ಭಾನುವಾರ ಅಲ್ಲಿನ ಕೆಥೆಡ್ರಲ್‌ನಲ್ಲಿ, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚಿನಲ್ಲಿ, ಹಾಡೋದಕ್ಕೆ ಗಂಡಸರೇ ಇರಲಿಲ್ಲ. ಕ್ರೈಸ್ತರಿಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಆದರೂ ಹಾಡುವವರು ಇಲ್ಲ. ಕಾರಣ ಸರಳ. ಆ ಕೆಥೆಡ್ರಲ್‌ನಲ್ಲಿ ಹಾಡಬೇಕಾದ ಗಂಡಸರೆಲ್ಲ ಪಾದ್ರಿಗಳು, ಅವರಿಗೆ ಸುತ್ತಲಿನ ಹಳ್ಳಿಗಳಲ್ಲಿ ತಮ್ಮದೇ ಚರ್ಚುಗಳ ಹೊಣೆ ಇತ್ತು, ಹಬ್ಬದ ದಿನ ಅವರು ಅಲ್ಲಿರಬೇಕಾಗಿತ್ತು. ಉಳಿದವರು ಎಳೆ ದನಿಯ ಹುಡುಗರು, ಮತ್ತು ಕೆಳಸ್ವರದಲ್ಲಿ ಹಾಡುವ ಒಬ್ಬನೇ ಒಬ್ಬ ಗಂಡಸು. ಆ ಒಬ್ಬ ಡೀನ್, ಅಂದರೆ ಕೆಥೆಡ್ರಲ್‌ನ ಮುಖ್ಯಸ್ಥ ಪಾದ್ರಿಯ, ಮನೆಯ ಬಟ್ಲರ್ ಅಂತ ಹೇಳಿಕೊಂಡು ಬಂದಿದ್ದಾರೆ.

ಆರ್ಗನಿಸ್ಟ್‌ಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಆರ್ಗನ್ ನುಡಿಸಿ ಹಾಡುಗಾರರನ್ನು ನಡೆಸೋದು ಅವನ ಕೆಲಸ. ಹೆಸರು ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ. ಕಪಾಟಿನಿಂದ ಯಾವುದಾದರೂ ಸುಲಭದ ಹಳೇ ಹಾಡು ತೆಗೆದು ಹೇಗೋ ಮುಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಇರುವ ಹುಡುಗರಿಗೂ ಆ ಒಬ್ಬ ಬಟ್ಲರನಿಗೂ ಹೊಂದುವಂತೆ ಹೊಸದೊಂದು ಆಂಥೆಮ್, ಅಂದರೆ ಚರ್ಚಿನ ಹಾಡುಗಾರರ ತಂಡ ಹಾಡುವ ಭಕ್ತಿರಚನೆ, ಬರೆದ. ಬೈಬಲ್ಲಿನ ಪೇತ್ರನ ಪತ್ರದ ಸಾಲುಗಳಿಗೆ ಹಾಕಿದ ಸಂಗೀತ ಅದು, 'ಬ್ಲೆಸ್ಡ್ ಬಿ ದ ಗಾಡ್ ಅಂಡ್ ಫಾದರ್'. ಇವತ್ತಿಗೂ ಈಸ್ಟರ್ ಕಾಲದಲ್ಲಿ ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ಇದನ್ನು ಹಾಡುತ್ತಾರೆ.

ಈ ಕತೆಯನ್ನು ಎಲ್ಲರೂ ಖುಷಿಯಿಂದ ಹೇಳುತ್ತಾರೆ. ನೋಡಿ, ಏನೂ ಇಲ್ಲದಾಗಲೂ ಎಂಥಾ ಸಂಗೀತ ಹುಟ್ಟಿತು, ಕೊರತೆಯೇ ಕಲೆಯ ತಾಯಿ, ಹೀಗೆ. ನನಗೆ ಆ ಓದು ಸರಿ ಅನ್ನಿಸೋದಿಲ್ಲ. ವೆಸ್ಲಿಗೂ ಅನ್ನಿಸುತ್ತಿರಲಿಲ್ಲ. ಅವನು ಬದುಕಿದ್ದಷ್ಟು ಕಾಲ ಇದೇ ಕೊರತೆಯ ವಿರುದ್ಧ ಜಗಳ ಆಡಿದ, ಬರೆದ, ಕೆಲಸ ಬಿಟ್ಟ, ಊರು ಬದಲಿಸಿದ, ಮತ್ತೆ ಜಗಳ ಆಡಿದ. ಒಂದು ದಿನ ಅವನು ಕಡಿಮೆ ಜನರಲ್ಲಿ ನಿಭಾಯಿಸಿದ ಅನ್ನೋದನ್ನೇ ಹಿಡಿದುಕೊಂಡು ನಾವು ಕೊರತೆಯನ್ನು ಹೊಗಳಿದರೆ ಅವನಿಗೆ ಅನ್ಯಾಯ ಮಾಡಿದ ಹಾಗೆ. ಈ ಬರಹ ಬರೆಯೋದಕ್ಕೆ ಕೂತಿದ್ದೇ ಅದಕ್ಕೆ.

ವೆಸ್ಲಿ ಅನ್ನೋ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಮೈಸೂರಿನಲ್ಲಿ ವೆಸ್ಲಿ ಕೆಥೆಡ್ರಲ್ ಇದೆ. ವೆಸ್ಲಿ ಪ್ರೆಸ್ ಅಂದರೆ ಹಳೇ ಪುಸ್ತಕ ಓದುವವರಿಗೆಲ್ಲ ಗೊತ್ತು. 1887ರಲ್ಲಿ ಶುರುವಾದ ವೃತ್ತಾಂತ ಪತ್ರಿಕೆಯನ್ನು ಮೈಸೂರಿನಿಂದ ಹೊರಡಿಸಿದವರೂ ವೆಸ್ಲಿಯನ್ ಮಿಷನ್ನಿನವರೇ. ಆ ವೆಸ್ಲಿ ಅಂದರೆ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ. ಅವನ ತಮ್ಮ ಚಾರ್ಲ್ಸ್ ವೆಸ್ಲಿ ಸಾವಿರಾರು ಭಕ್ತಿಗೀತೆ ಬರೆದವನು. ಚಾರ್ಲ್ಸ್‌ನ ಮಗ ಸ್ಯಾಮ್ಯುಯೆಲ್, ಅವನ ಮಗ ನಮ್ಮ ಸೆಬಾಸ್ಟಿಯನ್. ಅಂದರೆ ಮೈಸೂರಿನ ಆ ಕಟ್ಟಡಗಳ ಮೇಲಿರುವ ಹೆಸರು ಇವನ ಅಜ್ಜನ ಅಣ್ಣನದು. ಆದರೆ ಇವನು ಮೆಥಡಿಸ್ಟ್ ಅಲ್ಲ. ಬದುಕೆಲ್ಲ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನ ಸಂಬಳದಲ್ಲೇ ಕಳೆದ.

ಅಪ್ಪ ಸ್ಯಾಮ್ಯುಯೆಲ್ ವೆಸ್ಲಿಯದ್ದೇ ಒಂದು ದೊಡ್ಡ ಕತೆ. ಚಿಕ್ಕಂದಿನಲ್ಲೇ ಸಂಗೀತದಲ್ಲಿ ಹೆಸರು ಮಾಡಿದವನು, ತನ್ನ ಕಾಲದ ಇಂಗ್ಲೆಂಡಿನ ಬಹಳ ದೊಡ್ಡ ಆರ್ಗನಿಸ್ಟ್. ಹಿಂದಿನ ಶತಮಾನದ ಜರ್ಮನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಸಂಗೀತದ ಹುಚ್ಚು ಹಿಡಿಸಿಕೊಂಡು ಅದನ್ನು ಇಂಗ್ಲಿಷರಿಗೆ ಹಂಚಬೇಕು ಅಂತ ಓಡಾಡಿದ. ಬಾಖ್‌ನ ನಲವತ್ತೆಂಟು ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನು, ಅಂದರೆ ಕೀಲಿವಾದ್ಯಕ್ಕೆ ಬರೆದ ಜೋಡಿ ರಚನೆಗಳನ್ನು, ಗೆಳೆಯನೊಬ್ಬನ ಜೊತೆ ಸೇರಿ ಲಂಡನ್ನಿನಲ್ಲಿ ಅಚ್ಚು ಹಾಕಿಸೋಕೆ ಶುರು ಮಾಡಿದ್ದು 1810ರಲ್ಲಿ. ಅದೇ ವರ್ಷ ಆಗಸ್ಟ್ 14ಕ್ಕೆ ಮಗ ಹುಟ್ಟಿದ. ಹೆಸರಿನಲ್ಲಿ ಸೆಬಾಸ್ಟಿಯನ್ ಯಾಕೆ ಸೇರಿತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಆದರೆ ಆ ಮಗ ಮದುವೆಯೊಳಗೆ ಹುಟ್ಟಿದವನಲ್ಲ. ಅಪ್ಪ ಹೆಂಡತಿಯನ್ನು ಬಿಟ್ಟು ಮನೆಗೆಲಸ ನೋಡಿಕೊಳ್ಳುತ್ತಿದ್ದ ಸಾರಾ ಸೂಟರ್ ಎಂಬ ಹುಡುಗಿಯ ಜೊತೆ ಸಂಸಾರ ಮಾಡುತ್ತಿದ್ದ. ಧರ್ಮಬೋಧಕರ ಮನೆತನ, ಆ ಕಾಲದ ಇಂಗ್ಲೆಂಡ್. ಆ ಮಕ್ಕಳು ಎಷ್ಟು ಮಾತು ಕೇಳಿರಬಹುದು ಯೋಚಿಸಿ. ಅಪ್ಪನಿಗೆ ಆಗಾಗ ಮನಸ್ಸಿನ ಕಾಯಿಲೆ ಮರುಕಳಿಸುತ್ತಿತ್ತು. ದುಡ್ಡಂತೂ ಯಾವಾಗಲೂ ಇಲ್ಲ. 1825ರಲ್ಲಿ, ಬಿಟ್ಟ ಹೆಂಡತಿಗೆ ಕೊಡಬೇಕಾದ ಜೀವನಾಂಶ ಕಟ್ಟಲಾಗದೆ ಜೈಲಿಗೂ ಹೋಗಿಬಂದ. ಮಗನಿಗೆ ಆಗ ಹದಿನಾಲ್ಕು. ಆಮೇಲೆ ವೆಸ್ಲಿಯ ಬಗ್ಗೆ ಬರೆದವರು, ಅವನಿಗೆ ದುಡ್ಡಿನ ವಿಷಯದಲ್ಲಿ ಕಿರಿಕಿರಿ ಜಾಸ್ತಿ, ಸಂಬಳದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ ಅಂತೆಲ್ಲ ಬರೆದಿದ್ದಾರೆ. ಅದನ್ನು ಓದುವಾಗ ನನಗೆ ಈ ಹದಿನಾಲ್ಕರ ಹುಡುಗನೇ ನೆನಪಾಗುತ್ತಾನೆ. ಇಂಗ್ಲೆಂಡಿನ ಅತಿ ಪ್ರತಿಭಾವಂತ ಸಂಗೀತಗಾರ ಸಾಲಕ್ಕೆ ಜೈಲು ಸೇರೋದನ್ನು ಅವನು ಮನೆಯಲ್ಲೇ ನೋಡಿದ್ದ.

ಚಿಕ್ಕವನಿದ್ದಾಗ ರಾಜನ ಖಾಸಗಿ ಚರ್ಚಿನ ಕ್ವಾಯರ್ ಅನ್ನೋ ಹಾಡುಗಾರರ ತಂಡದಲ್ಲಿ, ಅಂದರೆ ಚಾಪೆಲ್ ರಾಯಲ್‌ನಲ್ಲಿ, ಹಾಡಿದ. ಬ್ರೈಟನ್ನಿನಲ್ಲಿ ನಾಲ್ಕನೇ ಜಾರ್ಜ್ ರಾಜನ ಮುಂದೆಯೂ ಹಾಡಿದ್ದುಂಟು. ದನಿ ಒಡೆದ ಮೇಲೆ ಲಂಡನ್ನಿನ ಚಿಕ್ಕ ಚರ್ಚುಗಳಲ್ಲಿ ಆರ್ಗನ್ ನುಡಿಸಿದ, ಜೊತೆಗೆ ನಾಟಕ ಕಂಪನಿಯಲ್ಲೂ ದುಡಿದ. ಈ ನಾಟಕದ ಅನುಭವವನ್ನು ಮರೆಯಬಾರದು. ಅವನ ಆಂಥೆಮ್‌ಗಳಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಪಟ್ಟನೆ ಬಿಡಬೇಕು ಅನ್ನೋ ಲೆಕ್ಕ ಅಷ್ಟು ಚೆನ್ನಾಗಿ ಕೂತಿರೋದು ಅಲ್ಲಿಂದ ಬಂದದ್ದು ಅಂತ ನನ್ನ ನಂಬಿಕೆ.

1832ರಲ್ಲಿ ಹೆರಿಫರ್ಡ್‌ಗೆ ಬಂದ. ಇಪ್ಪತ್ತೆರಡು ವರ್ಷದ ಕೆಥೆಡ್ರಲ್ ಆರ್ಗನಿಸ್ಟ್. ಅಲ್ಲಿನ ಆರ್ಗನ್ ಆಗಷ್ಟೇ ಬಿಚ್ಚಿ ಮತ್ತೆ ಕಟ್ಟಿದ್ದರು, ಅದು ಮತ್ತೆ ಶುರುವಾಗುವ ದಿನಕ್ಕೆ ಅಂತ ಬರೆದದ್ದು 'ದ ವೈಲ್ಡರ್‌ನೆಸ್'. ಯೆಶಾಯನ ಪುಸ್ತಕದ 35ನೇ ಅಧ್ಯಾಯ, ಮರಳುಗಾಡು ಹೂ ಬಿಡುವ ಆ ಭಾಗ.

ಆರ್ಗನ್ ಬಗ್ಗೆ ಒಂದೆರಡು ಮಾತು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಅವನು ಮಾಡಿದ್ದರ ದೊಡ್ಡತನ ತಿಳಿಯೋದಿಲ್ಲ. ಪೈಪ್ ಆರ್ಗನ್ ಅಂದರೆ ಗಾಳಿಯ ವಾದ್ಯ. ಸಾವಿರಾರು ಕೊಳವೆಗಳು, ಕೆಲವು ಬೆರಳಿನಷ್ಟು, ಕೆಲವು ಮನೆಯ ಎತ್ತರಕ್ಕಿಂತ ಜಾಸ್ತಿ. ಆಗ ಕರೆಂಟ್ ಇಲ್ಲ. ಹಿಂದೆ ಆಳು ನಿಂತು ತಿದಿ ಒತ್ತಬೇಕು. ಮುಂದೆ ಕೂತವನು ಕೈಯಿಂದ ಎರಡು ಮೂರು ಸಾಲು ಕೀಲಿಗಳನ್ನು ನುಡಿಸುತ್ತಾ, ಕಾಲಿನಿಂದಲೂ ಮರದ ಪೆಡಲ್‌ಗಳ ಸಾಲನ್ನು ಒತ್ತಿ ಅತಿ ಕೆಳಗಿನ ಸ್ವರ ತೆಗೆಯುತ್ತಾನೆ. ಜರ್ಮನಿಯಲ್ಲಿ ಬಾಖ್ ಕಾಲಕ್ಕೇ ಈ ಪೆಡಲ್ ವಿದ್ಯೆ ತುದಿ ಮುಟ್ಟಿತ್ತು. ಇಂಗ್ಲೆಂಡಿನಲ್ಲಿ ಮಾತ್ರ 1830ರಲ್ಲೂ ಎಷ್ಟೋ ಆರ್ಗನ್‌ಗಳಿಗೆ ಪೆಡಲ್ ಇರಲಿಲ್ಲ, ಇದ್ದರೂ ಅರೆಬರೆ. ಬಾಖ್‌ನನ್ನು ಹಾಲಿನ ಜೊತೆ ಕುಡಿದು ಬೆಳೆದ ವೆಸ್ಲಿಗೆ ಅದು ಸಾಕಾಗಲಿಲ್ಲ. ದ ವೈಲ್ಡರ್‌ನೆಸ್‌ನಲ್ಲಿ ಒಬ್ಬ ಗಾಯಕ ಕೆಳಸ್ವರದಲ್ಲಿ ಒಬ್ಬನೇ ಹಾಡುವಾಗ ಪೆಡಲ್ ತನ್ನದೇ ದಾರಿ ಹಿಡಿದು ನಡೆಯುತ್ತದೆ, ಹಾಡಿನ ನೆರಳಾಗಿ ಅಲ್ಲ, ಸ್ವಂತ ಪಾತ್ರವಾಗಿ. ಇಂಗ್ಲಿಷ್ ಚರ್ಚ್ ಸಂಗೀತಕ್ಕೆ ಇದು ಹೊಸತು.

ಮರುವರ್ಷ ಅವನು ಇದನ್ನು ಚರ್ಚ್ ಸಂಗೀತಕ್ಕೆ ಕೊಡುತ್ತಿದ್ದ ಗ್ರೆಷಮ್ ಬಹುಮಾನಕ್ಕೆ ಕಳಿಸಿದ. ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬರು, ಜಾಣತನ ಇದೆ, ಆದರೆ ಇದು ಕೆಥೆಡ್ರಲ್ ಸಂಗೀತ ಅಲ್ಲ ಅನ್ನೋ ಅರ್ಥದ ಮಾತು ಬರೆದಿಟ್ಟರು. ಹೊಸತನ್ನು ತಳ್ಳಿಹಾಕುವಾಗ ಎಲ್ಲ ಕಾಲದಲ್ಲೂ ಬರುವ ಮಾತೇ ಇದು. ಇಂದು ಆ ತೀರ್ಪುಗಾರರ ಸಂಗೀತ ಕೇಳುವವರು ಬಹಳ ಕಡಿಮೆ, ವೈಲ್ಡರ್‌ನೆಸ್ ಮಾತ್ರ ಉಳಿದಿದೆ.

ಹೆರಿಫರ್ಡ್‌ನಲ್ಲಿದ್ದಾಗಲೇ ಅಲ್ಲಿನ ಡೀನ್ ಜಾನ್ ಮೆರಿವೆದರ್‌ನ ತಂಗಿ ಮೇರಿ ಆನ್‌ಳನ್ನು 1835ರಲ್ಲಿ ಮದುವೆಯಾದ. ಅದೇ ವರ್ಷ ಎಕ್ಸಿಟರ್‌ಗೆ ಹೊರಟ. ಅಲ್ಲಿಂದ 1842ರಲ್ಲಿ ಲೀಡ್ಸ್, 1849ರಲ್ಲಿ ವಿಂಚೆಸ್ಟರ್, 1865ರಲ್ಲಿ ಗ್ಲಾಸ್ಟರ್. ಪ್ರತಿಸಲವೂ ಬಹುಮಟ್ಟಿಗೆ ಇದೇ ಕತೆ: ಆಸೆಯಿಂದ ಬರೋದು, ಆಡಳಿತದವರ ಜೊತೆ ತಿಕ್ಕಾಟ, ಬೇಸರ, ಮುಂದಿನ ಊರು. ನಡುವೆ ಎಡಿನ್‌ಬರೋದಲ್ಲೂ ಆಕ್ಸ್‌ಫರ್ಡ್‌ನಲ್ಲೂ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ, ಸಿಗಲಿಲ್ಲ.

ಅವನು ಸುಲಭದ ಮನುಷ್ಯ ಆಗಿರಲಿಲ್ಲ, ಇದನ್ನು ಮುಚ್ಚಿಡಬೇಕಾಗಿಲ್ಲ. ಎಕ್ಸಿಟರ್‌ನಲ್ಲಿ ತನ್ನನ್ನು ಕೇಳದೆ ಹೊರಗೆ ಹಾಡಲು ಹೋದ ಇಬ್ಬರು ಹುಡುಗರಿಗೆ ಹೊಡೆದು ಆಡಳಿತದವರ ಮುಂದೆ ಉತ್ತರ ಕೊಡಬೇಕಾಯಿತು. ಅದು ತಪ್ಪೇ. ಅವನ ಕಷ್ಟಗಳು ಏನೇ ಇರಲಿ, ಆ ಹುಡುಗರು ಅವಕ್ಕೆ ಕಾರಣರಲ್ಲ. ವಿಂಚೆಸ್ಟರ್‌ನಲ್ಲಿ ಪೂಜೆಯ ಹೊತ್ತಿಗೆ ಶಿಷ್ಯನನ್ನು ಆರ್ಗನ್ ಮುಂದೆ ಕೂರಿಸಿ ತಾನು ಗಾಳ ಹಿಡಿದು ಹೊಳೆಗೆ ಹೋಗುತ್ತಿದ್ದ ಅಂತ ದೂರಿದ್ದವು. ಮೀನು ಹಿಡಿಯೋದು ಅವನಿಗೆ ಸಂಗೀತದಷ್ಟೇ ಇಷ್ಟ. ಊರು ಆರಿಸುವಾಗಲೂ ಹತ್ತಿರ ಒಳ್ಳೇ ಹೊಳೆ ಇದೆಯಾ ಅಂತ ನೋಡುತ್ತಿದ್ದ ಅನ್ನೋ ಮಾತಿದೆ. 1847ರ ಡಿಸೆಂಬರ್‌ನಲ್ಲಿ ಯಾರ್ಕ್‌ಷೈರ್‌ನ ರೈ ಹೊಳೆಯ ಹತ್ತಿರ ಮೀನು ಹಿಡಿಯಲು ಹೋದಾಗ ಬಿದ್ದು ಕಾಲು ಮುರಿದುಕೊಂಡ. ಹೆಲ್ಮ್‌ಸ್ಲಿ ಊರಿನ ಬ್ಲಾಕ್ ಸ್ವಾನ್ ಎಂಬ ಛತ್ರದಲ್ಲಿ ತಿಂಗಳುಗಟ್ಟಲೆ ಮಲಗಬೇಕಾಯಿತು. ಅಲ್ಲಿ ಮಲಗಿ ಬರೆದ ಆಂಥೆಮ್ 51ನೇ ಕೀರ್ತನೆಯ ಸಾಲುಗಳಿಗೆ. ನೀನು ಮುರಿದ ಎಲುಬುಗಳು ಆನಂದಪಡಲಿ ಅನ್ನೋ ಸಾಲು ಅದರಲ್ಲಿದೆ. ಅಲ್ಲಿ ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು ಬರುತ್ತವೆ, ಮೂಳೆ ನೋವು ಗೊತ್ತಿರುವವನೇ ಬರೆಯಬಲ್ಲ ಹಾಗೆ.

ಆ ಛತ್ರದ ದಿನಗಳಲ್ಲಿ, ಅದರ ಹಿಂದುಮುಂದಿನ ಲೀಡ್ಸ್‌ನ ವರ್ಷಗಳಲ್ಲಿ, ಅವನ ತಲೆಯಲ್ಲಿ ದೊಡ್ಡ ವಾದವೊಂದು ಬೆಳೆಯುತ್ತಿತ್ತು. 1849ರಲ್ಲಿ ಅದು ಪುಸ್ತಿಕೆಯಾಗಿ ಹೊರಬಂತು: 'ಎ ಫ್ಯೂ ವರ್ಡ್ಸ್ ಆನ್ ಕೆಥೆಡ್ರಲ್ ಮ್ಯೂಸಿಕ್', ಸುಧಾರಣೆಯ ಯೋಜನೆ ಸಮೇತ. ನನ್ನ ಮಟ್ಟಿಗೆ ಇದು ಅವನ ಆಂಥೆಮ್‌ಗಳಷ್ಟೇ ಮುಖ್ಯ.

ವಾದ ಹೀಗಿದೆ. ಕೆಥೆಡ್ರಲ್‌ನಲ್ಲಿ ದಿನವೂ ಸಂಗೀತದ ಪ್ರಾರ್ಥನೆ ನಡೆಯಬೇಕು ಅಂತ ಶತಮಾನಗಳಿಂದ ವ್ಯವಸ್ಥೆ ಇದೆ. ಅದಕ್ಕೆ ಅಂತಲೇ ಹಿಂದಿನವರು ಭೂಮಿ, ದುಡ್ಡು ಬಿಟ್ಟುಹೋಗಿದ್ದಾರೆ. ಆ ದುಡ್ಡು ಎಲ್ಲಿ ಹೋಗುತ್ತಿದೆ? ಡೀನ್‌ಗೆ, ದೊಡ್ಡ ಪಾದ್ರಿಗಳಿಗೆ ಭಾರೀ ವರಮಾನ. ಹಾಡುವವನಿಗೆ ಹೊಟ್ಟೆ ತುಂಬದಷ್ಟು ಕೂಲಿ. ಅವನು ಬದುಕೋಕೆ ಊರಲ್ಲಿ ಅಂಗಡಿ ಇಡಬೇಕು, ಇನ್ನೊಂದು ಕೆಲಸ ಮಾಡಬೇಕು. ಹೀಗಿರುವಾಗ ಅಭ್ಯಾಸ ಯಾವಾಗ?

ಇನ್ನು ಲೆಕ್ಕ. ಕೆಥೆಡ್ರಲ್ ಕ್ವಾಯರ್ ಎದುರುಬದುರು ಎರಡು ಸಾಲಾಗಿ ಕೂರುತ್ತದೆ, ಒಂದು ಸಾಲು ಹಾಡಿದ್ದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ. ಮೇಲಿನ ಸ್ವರ ಹುಡುಗರದು. ಅದರ ಕೆಳಗೆ ಗಂಡಸರ ಮೂರು ದನಿ, ಮೇಲಿನಿಂದ ಕೆಳಕ್ಕೆ: ಆಲ್ಟೊ, ಟೆನರ್, ಬೇಸ್. ಎರಡು ಸಾಲಿಗೂ ಒಬ್ಬೊಬ್ಬರೇ ಅಂದರೆ ಆರು ಜನ. ಒಬ್ಬನಿಗೆ ನೆಗಡಿ ಆದರೆ ಆ ಸಾಲಿನ ಆ ದನಿಯೇ ಇಲ್ಲ. ಬರೆದಿಟ್ಟ ಸಂಗೀತದ ಕಾಲುಭಾಗ ಗಾಳಿಯಲ್ಲಿ ಮಾಯ. ಹಾಗಾಗಿ ಪ್ರತಿ ದನಿಗೆ ಇಬ್ಬಿಬ್ಬರಾದರೂ ಬೇಕು, ಒಟ್ಟು ಹನ್ನೆರಡು ಜನ, ದಿನವೂ, ಅದಕ್ಕಿಂತ ಕಡಿಮೆ ಆಗಕೂಡದು. ಇದು ಅವನ ಬೇಡಿಕೆ. ಬದುಕೋಕೆ ಆಗುವಷ್ಟು ಸಂಬಳ, ಹಾಡುಗಾರರನ್ನು ತಯಾರು ಮಾಡೋಕೆ ಒಂದು ಕಾಲೇಜು, ಆರ್ಗನಿಸ್ಟ್‌ಗೆ ಸಂಗೀತದ ವಿಷಯದಲ್ಲಿ ಪೂರ್ತಿ ಅಧಿಕಾರ.

ಹನ್ನೆರಡು ಜನ! ಅಂಥ ಭಾರೀ ಕಲ್ಲುಕಟ್ಟಡಗಳಿಗೆ ಹನ್ನೆರಡೇ ಹನ್ನೆರಡು ಜನ ಕೊಡಿ ಅಂತ ಕೇಳಬೇಕಾಯಿತು ಅನ್ನೋದೇ ಸಂಕಟದ ವಿಷಯ. ಅದೂ ದುಡ್ಡಿಲ್ಲದ ಮನೆಯಲ್ಲ.

ಇನ್ನೊಂದು ವಿಷಯ ಗಮನಿಸಿ. ಇದನ್ನು ಬರೆಯುವಾಗ ಅವನು ಯಾವ ಕೆಥೆಡ್ರಲ್‌ನಲ್ಲೂ ಇರಲಿಲ್ಲ. ಲೀಡ್ಸ್‌ನದು ಬರೀ ಊರ ಚರ್ಚು, ಬಟ್ಟೆ ಗಿರಣಿಗಳ ಊರು. ವಾಲ್ಟರ್ ಫಾರ್ಕರ್ ಹುಕ್ ಅನ್ನೋ ಪಾದ್ರಿ ಅಲ್ಲಿ 1841ರಲ್ಲಿ ಹೊಸ ಚರ್ಚು ಕಟ್ಟಿಸಿ, ಸಂಬಳದ ಕ್ವಾಯರ್ ಇಟ್ಟು, ಜನರಿಂದಲೇ ದುಡ್ಡು ಎತ್ತಿ ಸಂಗೀತ ನಡೆಸುತ್ತಿದ್ದ. ವೆಸ್ಲಿಗೆ ವರ್ಷಕ್ಕೆ 200 ಪೌಂಡ್ ಸಂಬಳ ಕೊಟ್ಟು ಕರೆಸಿಕೊಂಡವನೂ ಅವನೇ. ಹೊಗೆ ತುಂಬಿದ ಊರಿನ ವ್ಯಾಪಾರಿಗಳು ಕೈಯಿಂದ ಕೊಟ್ಟು ಮಾಡಿದ್ದನ್ನು ಹಳೇ ಆಸ್ತಿಯ ಮೇಲೆ ಕೂತ ಕೆಥೆಡ್ರಲ್‌ಗಳು ಮಾಡಲಿಲ್ಲ. ದುಡ್ಡು ಇಲ್ಲ ಅನ್ನೋ ನೆಪ ಅವನ ಮುಂದೆ ನಿಲ್ಲುತ್ತಿರಲಿಲ್ಲ, ಯಾಕೆಂದರೆ ಬೇಕು ಅನ್ನಿಸಿದರೆ ಆಗುತ್ತದೆ ಅಂತ ಅವನು ಲೀಡ್ಸ್‌ನಲ್ಲಿ ಕಣ್ಣಾರೆ ಕಂಡಿದ್ದ.

ಹಾಗಿದ್ದರೂ ಯಾಕೆ ವಿಂಚೆಸ್ಟರ್‌ಗೆ, ಮತ್ತೆ ಕೆಥೆಡ್ರಲ್‌ಗೇ ಹೋದ? ಗಂಡುಮಕ್ಕಳ ಓದಿಗೆ ಅನ್ನುತ್ತಾರೆ. ಅಲ್ಲಿನ ಹೆಸರುವಾಸಿ ಶಾಲೆಯಲ್ಲಿ ಅವರನ್ನು ಓದಿಸಬೇಕಿತ್ತು. ತನಗೆ ಸಿಗದಿದ್ದದ್ದು ಮಕ್ಕಳಿಗೆ ಸಿಗಲಿ ಅನ್ನೋ ಅಪ್ಪನನ್ನು ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. ವಿಂಚೆಸ್ಟರ್‌ನಲ್ಲಿ ಅವನು ಗೆದ್ದ ಒಂದು ಹೋರಾಟ ಆರ್ಗನ್‌ನದು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನ ಮಹಾಪ್ರದರ್ಶನದಲ್ಲಿ ಹೆನ್ರಿ ವಿಲ್ಲಿಸ್ ಅನ್ನೋ ಯುವಕ ದೈತ್ಯ ಆರ್ಗನ್ ಒಂದನ್ನು ಇಟ್ಟಿದ್ದ. ವೆಸ್ಲಿ ಅದನ್ನು ನುಡಿಸಿ ನೋಡಿ, ಇದು ನಮಗೆ ಬೇಕು ಅಂತ ಹಟ ಹಿಡಿದ. 1854ರಲ್ಲಿ ಅದರ ದೊಡ್ಡ ಭಾಗ ವಿಂಚೆಸ್ಟರ್ ಕೆಥೆಡ್ರಲ್ ಸೇರಿತು. ವಿಲ್ಲಿಸ್ ಮುಂದೆ ಆ ಶತಮಾನದ ಇಂಗ್ಲೆಂಡಿನ ಬಹಳ ಹೆಸರುವಾಸಿ ಆರ್ಗನ್ ಕಟ್ಟುವವನಾದ. ಲಿವರ್‌ಪೂಲ್‌ನ ಸೇಂಟ್ ಜಾರ್ಜ್ಸ್ ಹಾಲ್‌ನ ನೂರು ಸ್ಟಾಪಿನ (ಸ್ಟಾಪ್ ಅಂದರೆ ಒಂದೊಂದು ಬಗೆಯ ದನಿಯ ಕೊಳವೆಗಳನ್ನು ತೆರೆಯುವ ಗುಬ್ಬಿ) ಆರ್ಗನ್ ಕೂಡ ಈ ಇಬ್ಬರ ಜೋಡಿಯದೇ, ವೆಸ್ಲಿ ಯೋಜನೆ, ವಿಲ್ಲಿಸ್ ಕೆಲಸ. 1855ರಲ್ಲಿ ಅದನ್ನು ಮೊದಲು ನುಡಿಸಿದವನೂ ವೆಸ್ಲಿ.

ಅಲ್ಲೊಂದು ವಿಚಿತ್ರ ಹಟ ಇದೆ, ಅದನ್ನು ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಆಗ ಯೂರೋಪಿನಲ್ಲಿ ಆರ್ಗನ್, ಪಿಯಾನೋಗಳನ್ನು ಹನ್ನೆರಡು ಸ್ವರಕ್ಕೂ ಸಮ ಅಂತರ ಇಟ್ಟು ಶ್ರುತಿ ಮಾಡುವ ಪದ್ಧತಿ ಗಟ್ಟಿಯಾಗುತ್ತಿತ್ತು. ಅದರಲ್ಲಿ ಯಾವ ಸ್ವರವನ್ನು ಆಧಾರ ಮಾಡಿಕೊಂಡರೂ ನುಡಿಸಬಹುದು, ಆದರೆ ಯಾವುದೂ ಪೂರ್ತಿ ಶುದ್ಧ ಇರೋದಿಲ್ಲ. ಹಳೇ ಪದ್ಧತಿಯಲ್ಲಿ ಕೆಲವು ಕಡೆ ಜೇನಿನಂಥ ಶುದ್ಧ ಸ್ವರ, ಕೆಲವು ಕಡೆ ಕಿವಿ ಚುಚ್ಚುವ ಅಪಸ್ವರ. ವೆಸ್ಲಿ ಹಳೇ ಪದ್ಧತಿ ಬಿಡಲಿಲ್ಲ. ಲಿವರ್‌ಪೂಲ್‌ನ ಆ ಹೊಚ್ಚಹೊಸ ಆರ್ಗನ್ನನ್ನೂ ಹಾಗೇ ಶ್ರುತಿ ಮಾಡಿಸಿದ. 1867ರಲ್ಲಿ ಅದನ್ನು ಬದಲಿಸಬೇಕಾಯಿತು. ನಮ್ಮವರಿಗೆ ಈ ಜಗಳ ಬೇಗ ಅರ್ಥ ಆಗುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಬೇಡ ಅಂದು ಮೂರು ದಶಕ ದೂರ ಇಟ್ಟಿದ್ದರ ಹಿಂದೆ, ಗಮಕದ ಮಾತಿನ ಜೊತೆಗೆ, ಇದೇ ಸಮ ಅಂತರದ ಸ್ವರದ ತಕರಾರೂ ಇತ್ತು. ತಂಬೂರಿ ಕೇಳಿ ಬೆಳೆದ ಕಿವಿಗೆ ಆ ಗಾಂಧಾರ ಸ್ವಲ್ಪ ಮೇಲಕ್ಕೆ ಎಳೆದ ಹಾಗೆ ಕೇಳುತ್ತದೆ. ವೆಸ್ಲಿಯ ಕಿವಿಯೂ ಅದನ್ನೇ ಹೇಳುತ್ತಿತ್ತು. ಆಶ್ಚರ್ಯ ಅಂದರೆ ಅವನ ಸಂಗೀತವೇ ಒಂದು ಆಧಾರದಿಂದ ಇನ್ನೊಂದಕ್ಕೆ ದೂರ ದೂರ ಓಡುತ್ತದೆ, ಹಳೇ ಶ್ರುತಿಯಲ್ಲಿ ಅತಿ ಕಹಿಯಾಗಿ ಕೇಳುವ ಜಾಗಗಳಿಗೂ ಹೋಗುತ್ತದೆ. ಬಾಖ್‌ನ ಇಪ್ಪತ್ತನಾಲ್ಕೂ ಶ್ರುತಿಯಲ್ಲಿರುವ ಆ ಪ್ರಿಲ್ಯೂಡ್ ಫ್ಯೂಗ್‌ಗಳನ್ನು ಅಚ್ಚು ಹಾಕಿಸಿದ ಅಪ್ಪನ ಮಗ ಅವನು. ಆ ಕಹಿಯೂ ಅವನಿಗೆ ಬೇಕಿತ್ತೋ ಏನೋ. ಬಣ್ಣಗಳೆಲ್ಲ ಒಂದೇ ಥರ ಆಗೋದಕ್ಕಿಂತ ಕೆಲವು ಕಪ್ಪಾಗಿ ಇರಲಿ ಅಂತ. ಇದು ನನ್ನ ಊಹೆ, ಆದರೆ ಆ ಸಂಗೀತ ಕೇಳುತ್ತಾ ಕೂತಾಗ ಇದೇ ಸರಿ ಅನ್ನಿಸುತ್ತದೆ.

1864ರಲ್ಲಿ ಅವನು ಒಂದು ಪುಟ್ಟ ಧಾಟಿ ಪ್ರಕಟಿಸಿದ, ಹೆಸರು 'ಆರೀಲಿಯಾ'. ಮೊದಲು ಬೇರೆ ಹಾಡಿಗೆ ಇದ್ದದ್ದು, ಕೆಲವು ವರ್ಷದಲ್ಲಿ 'ದ ಚರ್ಚಸ್ ಒನ್ ಫೌಂಡೇಷನ್' ಅನ್ನೋ ಗೀತೆಗೆ ಅಂಟಿಕೊಂಡಿತು, ಅಲ್ಲಿಂದ ಲೋಕ ಸುತ್ತಿತು. ಬೆಂಗಳೂರು ಮೈಸೂರಿನ ಸಿಎಸ್‌ಐ ಚರ್ಚುಗಳ ಇಂಗ್ಲಿಷ್ ಪ್ರಾರ್ಥನೆಗೆ ಹೋಗುವವರು ಇದನ್ನು ಹಾಡಿಯೇ ಇರುತ್ತಾರೆ, ಬರೆದವನ ಹೆಸರು ಗೊತ್ತಿಲ್ಲದೆಯೂ. ಒಬ್ಬ ವಿಮರ್ಶಕ ಆಗ ಇದನ್ನು ಕಲೆ ಇಲ್ಲದ ಗೊಡ್ಡು ಅಂತ ಜರಿದಿದ್ದ. ಜನ ಕಿವಿಗೊಡಲಿಲ್ಲ.

ಗ್ಲಾಸ್ಟರ್‌ಗೆ ಹೋದ ಕತೆ ಸ್ವಾರಸ್ಯ. 1865ರಲ್ಲಿ ಅಲ್ಲಿ ಆರ್ಗನಿಸ್ಟ್ ಜಾಗ ಖಾಲಿಯಾಯಿತು, ಯಾರನ್ನು ತೆಗೆದುಕೊಳ್ಳಬಹುದು ಅಂತ ಸಲಹೆ ಕೇಳೋಕೆ ವೆಸ್ಲಿಯನ್ನು ಕರೆದರು. ನಾನೇ ಬರುತ್ತೇನೆ ಅಂದುಬಿಟ್ಟನಂತೆ. ಅಲ್ಲಿ ಮೂರು ವರ್ಷಕ್ಕೊಮ್ಮೆ ತ್ರೀ ಕ್ವಾಯರ್ಸ್ ಉತ್ಸವ ನಡೆಸೋ ಹೊಣೆಯೂ ಅವನ ಮೇಲೆ ಬಿತ್ತು. ಗ್ಲಾಸ್ಟರ್, ಹೆರಿಫರ್ಡ್, ವೂಸ್ಟರ್ ಮೂರು ಊರುಗಳ ಸರದಿಯ ಉತ್ಸವ ಅದು, ಇವತ್ತಿಗೂ ನಡೆಯುತ್ತಿದೆ. 1871ರಲ್ಲಿ ಆ ಉತ್ಸವದಲ್ಲಿ ಯೇಸುವಿನ ಕೊನೆಯ ದಿನಗಳನ್ನು ಹಾಡುವ ಬಾಖ್‌ನ ದೊಡ್ಡ ಕೃತಿ ಸೇಂಟ್ ಮ್ಯಾಥ್ಯೂ ಪ್ಯಾಷನ್ ಮಾಡಿಸಿದ. ಅಪ್ಪ ಹಚ್ಚಿದ ದೀಪ, ಅರವತ್ತರ ಮಗ ಎತ್ತಿ ಹಿಡಿದ.

1873ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಒಂದು ಆಯ್ಕೆ ಮುಂದಿಟ್ಟ: ಸರ್ ಬಿರುದು ಬೇಕೋ, ವರ್ಷಕ್ಕೆ 100 ಪೌಂಡ್ ಪಿಂಚಣಿ ಬೇಕೋ. ವೆಸ್ಲಿ ಪಿಂಚಣಿ ತೆಗೆದುಕೊಂಡ. ಕೆಲವರು ಇದನ್ನೂ ಅವನ ದುಡ್ಡಿನಾಸೆ ಅಂತ ಬರೆದಿದ್ದಾರೆ. ನನಗೆ ಇದು ಅವನ ಇಡೀ ಪುಸ್ತಿಕೆಯ ವಾದ ಒಂದೇ ಉತ್ತರದಲ್ಲಿ ಬಂದ ಹಾಗೆ ಕಾಣುತ್ತದೆ. ಸಂಗೀತಗಾರನಿಗೆ ಮರ್ಯಾದೆ ಕೊಡಬೇಕು ಅಂದರೆ ಅವನು ನೆಮ್ಮದಿಯಾಗಿ ಊಟ ಮಾಡೋ ಹಾಗೆ ಮಾಡಿ. ಹೊಗಳಿಕೆ ಅವನಿಗೆ ಬೇಕಾದಷ್ಟು ಸಿಕ್ಕಿತ್ತು.

1876ರ ಏಪ್ರಿಲ್ 19ರಂದು ಗ್ಲಾಸ್ಟರ್‌ನಲ್ಲಿ ತೀರಿಕೊಂಡ. ಆಕಾಶ ನೋಡಬೇಕು ಅಂದನಂತೆ ಕೊನೆಗೆ. ಹೂಳಿದ್ದು ಅಲ್ಲಲ್ಲ, ಎಕ್ಸಿಟರ್‌ನಲ್ಲಿ, ಮೂವತ್ತಾರು ವರ್ಷದ ಹಿಂದೆ ಹಸುಗೂಸಾಗಿದ್ದಾಗಲೇ ಕಳೆದುಕೊಂಡ ಒಬ್ಬಳೇ ಮಗಳ ಪಕ್ಕ.

ಅವನ ಬೇಡಿಕೆಗಳು ಏನಾದವು? ಅವನ ಕಣ್ಣೆದುರು ಹೆಚ್ಚೇನೂ ಆಗಲಿಲ್ಲ. ಆದರೆ 1872ರಲ್ಲಿ ಜಾನ್ ಸ್ಟೇನರ್ ಲಂಡನ್ನಿನ ಸೇಂಟ್ ಪಾಲ್ಸ್‌ಗೆ ಆರ್ಗನಿಸ್ಟ್ ಆಗಿ ಬಂದು ಕ್ವಾಯರ್ ಹಿಗ್ಗಿಸಿದ, ಅಭ್ಯಾಸ ಕಟ್ಟುನಿಟ್ಟು ಮಾಡಿದ, ಹಾಗೇ ನಿಧಾನಕ್ಕೆ ಬೇರೆ ಕಡೆಯೂ ಗಾಳಿ ಬದಲಾಯಿತು. ಇವತ್ತು ದೊಡ್ಡ ಕೆಥೆಡ್ರಲ್‌ನಲ್ಲಿ ಸಂಜೆ ಈವನ್‌ಸಾಂಗ್ ಅನ್ನೋ ಹಾಡಿನ ಪ್ರಾರ್ಥನೆಗೆ ಹೋಗಿ ಕೂತರೆ ಕೇಳುವ ಸಂಗೀತ ವೆಸ್ಲಿ ಕಾಲದ್ದಕ್ಕಿಂತ ಎಷ್ಟೋ ಮೇಲು. ಟಿಕೆಟ್ ಇಲ್ಲ, ಯಾವ ಧರ್ಮ ಅಂತ ಯಾರೂ ಕೇಳೋದಿಲ್ಲ. ಇಂಗ್ಲೆಂಡಿಗೆ ಕೆಲಸಕ್ಕೆ, ಓದಿಗೆ ಹೋದ ನಮ್ಮವರಿಗೆ ನಾನು ಯಾವಾಗಲೂ ಹೇಳೋದು ಇದನ್ನೇ, ಸುಮ್ನೆ ಒಂದು ಸಂಜೆ ಹೋಗಿ ಕೂತುಬನ್ನಿ. 1991ರಲ್ಲಿ ಸಾಲ್ಸ್‌ಬರಿ ಹುಡುಗಿಯರಿಗೂ ಕ್ವಾಯರ್ ತೆರೆದ ಮೇಲೆ ಈಗ ಹುಡುಗಿಯರ ದನಿಯೂ ಬಹಳ ಕಡೆ ಕೇಳುತ್ತದೆ, ವೆಸ್ಲಿ ಅದನ್ನು ಕನಸಲ್ಲೂ ನೆನೆದಿರಲಿಲ್ಲ. ಆದರೆ ದುಡ್ಡಿನ ಮಾತು ಬಂದಾಗ ಮೊದಲು ಕತ್ತರಿ ಬೀಳೋದು ಈಗಲೂ ಹಾಡುವವರ ಮೇಲೇ. ಆಗ ಯಾರಾದರೂ ಆ ಬಟ್ಲರನ ಕತೆ ಹೇಳಿ, ನೋಡಿ ಅವರು ನಿಭಾಯಿಸಲಿಲ್ಲವಾ ಅಂದರೆ, ದಯವಿಟ್ಟು 1849ರ ಪುಸ್ತಿಕೆಯನ್ನೂ ನೆನಪಿಸಿ.

ಕೇಳಬೇಕು ಅನ್ನಿಸಿದವರಿಗೆ ಒಂದು ದಾರಿ. ಮೊದಲು 'ದೌ ವಿಲ್ಟ್ ಕೀಪ್ ಹಿಮ್ ಇನ್ ಪರ್ಫೆಕ್ಟ್ ಪೀಸ್' ಕೇಳಿ. ಚಿಕ್ಕದು, ಐದು ದನಿಗಳು, ಎಲ್ಲೂ ಅವಸರ ಇಲ್ಲ. ಆಮೇಲೆ ಬ್ಲೆಸ್ಡ್ ಬಿ. ಅದರ ಕೊನೆಯ ಭಾಗಕ್ಕೆ ಕಾಯಿರಿ: ಮನುಷ್ಯರೆಲ್ಲ ಹುಲ್ಲಿನ ಹಾಗೆ, ಹುಲ್ಲು ಒಣಗುತ್ತದೆ, ಹೂ ಉದುರುತ್ತದೆ ಅನ್ನೋ ಸಾಲನ್ನು ಗಂಡಸರ ದನಿ ಮೆಲ್ಲಗೆ ಹಾಡುತ್ತದೆ, ಹಿಂದೆಯೇ ಆರ್ಗನ್ ಸಿಡಿಲಿನ ಹಾಗೆ ಒಂದೇ ಒಂದು ಸಲ ಮೊಳಗುತ್ತದೆ, ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುತ್ತಾರೆ. ನಾಟಕ ಕಂಪನಿಯಲ್ಲಿ ಕಲಿತದ್ದು ಇದೇ. ದ ವೈಲ್ಡರ್‌ನೆಸ್‌ಗೆ ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಪೆಡಲ್‌ನ ಕೆಳಸ್ವರ ಅದರಲ್ಲಿ ಬರೋದೇ ಇಲ್ಲ, ಅದು ಬರದಿದ್ದರೆ ಅರ್ಧ ವೆಸ್ಲಿ ಕೇಳಿದ ಹಾಗೆ. ಒಳ್ಳೇ ಹೆಡ್‌ಫೋನ್ ಹಾಕಿಕೊಳ್ಳಿ.